ಬೀಜದ ದೋಷವೋ, ನೀರಿನ ದೋಷವೋ? ಅನುವಂಶೀಯತೆ, ಆರೋಗ್ಯ ಮತ್ತು ನಮ್ಮ ಮನೆತನದ ಸಂಬಂಧಗಳು

ಕಳೆದ ಮುಂಗಾರಿನಲ್ಲಿ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಜ್ಜೆಯ ಕ್ಷೇತ್ರೋತ್ಸವ ನಡೆಯಿತು. ಸಂಕರಣ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಏಕೆ ಕೊಳ್ಳಬೇಕು, ಅದೇ ಬೆಳೆಯಿಂದ ಕಾದಿಟ್ಟ ಬೀಜ ಎರಡನೆಯ ವರ್ಷ ಏಕೆ ಕುಗ್ಗುತ್ತದೆ ಎಂಬುದನ್ನು ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬರಿಯ ಮಾತಿನಿಂದ ಈ ವಿಷಯ ತಲೆಗೆ ಹತ್ತುವುದಿಲ್ಲವೆಂದು ಹಿಂದಿನ ಹಂಗಾಮಿನಲ್ಲಿ ಕೆಲವು ತೆನೆಗಳಿಗೆ ಚೀಲ ಕಟ್ಟಿ, ಅವುಗಳ ಬೀಜವನ್ನು ತಟ್ಟೆಯಲ್ಲಿ ಮೊಳಕೆ ಬರಿಸಿ ಒಯ್ದಿದ್ದೆ. ಒಂದು ತಟ್ಟೆಯಲ್ಲಿ ಹಸಿರು ಸಸಿಗಳ ನಡುವೆ ಅಲ್ಲಲ್ಲಿ ಹಾಲಿನಂತೆ ಬಿಳಿಯ ಸಸಿಗಳಿದ್ದವು. ಜನ ಅದನ್ನೇ ಬಾಗಿ ಬಾಗಿ ನೋಡಿದರು.

ಸಭೆ ಮುಗಿದ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದರು. ಅವರು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆಯುವುದು ಒಳ್ಳೆಯದು. "ಸರ, ನಮ್ಮ ಮಗಗ ನಮ್ಮ ಹಿರೇ ಮಗಳ ಮಗಳನ್ನ ತಂದೀವಿ. ಮೊದಲನೇ ಕೂಸಿಗೆ ಕಿವಿ ಕೇಳೂದಿಲ್ಲ. ಎರಡನೇದು ಚಲೋ ಐತಿ. ಸೊಸಿಗೆ ಗ್ರಹಣ ಬಡದೈತಿ ಅಂತಾರ ಮಂದಿ. ನೀವು ನೋಡಿದ್ರ ಸಜ್ಜಿ ಒಳಗೊಳಗ ಕೂಡಿದ್ರ ಹಿಂಗ ಆಗತೈತಿ ಅಂತೀರಿ. ಇದೂ ಅದನೋ?" ನಾನು ಉತ್ತರ ಹುಡುಕುತ್ತಿರುವಾಗಲೇ ಇನ್ನೊಂದನ್ನೂ ಸೇರಿಸಿದರು: "ನಮ್ಮೂರ ಹುಡುಗರ ಹಲ್ಲೆಲ್ಲ ಕಂದು ಆಗ್ಯಾವ, ಇಬ್ಬರು ಮೂವರ ಕಾಲು ಸೊಟ್ಟ ಆಗ್ಯಾವ. ಅದೂ ಒಳಸಂಬಂಧದ್ದ ಏನು?"

ವಿಶ್ವವಿದ್ಯಾಲಯಗಳಲ್ಲಿ ತಳಿಶಾಸ್ತ್ರ, ವೈದ್ಯಶಾಸ್ತ್ರ ಮತ್ತು ಸಮಾಜ ಎಂಬ ತಲೆಬರಹದಲ್ಲಿ ವಿಚಾರ ಸಂಕಿರಣಗಳೂ ಉಪನ್ಯಾಸಗಳೂ ನಡೆಯುತ್ತಿರುತ್ತವೆ. ಹೆಚ್ಚಿನವು ಇಂಗ್ಲಿಷಿನಲ್ಲಿ. ಆ ಮೂರೂ ಸೇರಿದ ಪ್ರಶ್ನೆ ಇಲ್ಲಿ ಸಜ್ಜೆಯ ಹೊಲದ ಬದುವಿನ ಮೇಲೆ ಕೇಳಿಬಂದಿತು. ಅಂದು ನಾನು ಕೊಟ್ಟ ಉತ್ತರ ಅರ್ಧದ್ದು. ಆಮೇಲೆ ವೈದ್ಯ ಮಿತ್ರರನ್ನು ಕೇಳಿ, ಓದಿ, ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚೀಲ ಕಟ್ಟಿದ ತೆನೆ

ಸಜ್ಜೆಯ ತೆನೆಯಲ್ಲಿ ಹೆಣ್ಣು ಭಾಗ ಮೊದಲು ಹೊರಬರುತ್ತದೆ, ಗಂಡು ಭಾಗ ಎರಡು ಮೂರು ದಿನ ತಡವಾಗಿ ಬರುತ್ತದೆ. ಆದುದರಿಂದ ಒಂದು ತೆನೆಗೆ ಗಾಳಿಯಲ್ಲಿ ತೇಲಿ ಬಂದ ಬೇರೆ ತೆನೆಗಳ ಪರಾಗವೇ ಹೆಚ್ಚಾಗಿ ಸಿಗುತ್ತದೆ. ನಿಸರ್ಗವೇ ಮಾಡಿಕೊಂಡ ಏರ್ಪಾಟು ಇದು. ತೆನೆ ಹೊಡೆಯುವಾಗಲೇ ಅದಕ್ಕೆ ಕಾಗದದ ಚೀಲ ಕಟ್ಟಿದರೆ ಹೊರಗಿನ ಪರಾಗ ಬರುವುದಿಲ್ಲ, ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಹೀಗೆ ಮೂರು ನಾಲ್ಕು ಪೀಳಿಗೆ ನಡೆಸಿದರೆ ಗಿಡ ಗಿಡ್ಡಾಗುತ್ತದೆ, ತೆನೆ ಸಣ್ಣದಾಗುತ್ತದೆ, ಮೊದಲು ಎಂದೂ ಕಾಣದ ದೋಷಗಳು ತಲೆ ಎತ್ತುತ್ತವೆ. ಬಿಳಿ ಸಸಿ ಅಂಥವುಗಳಲ್ಲಿ ಒಂದು. ಎಲೆಗೆ ಹಸಿರು ಕೊಡುವ ಶಕ್ತಿಯೇ ಇಲ್ಲದ ಅದು ಬೀಜದೊಳಗಿನ ಆಹಾರ ಮುಗಿಯುತ್ತಲೇ ಸಾಯುತ್ತದೆ.

ಈ ಬಿಳಿ ಬಣ್ಣ ಎಲ್ಲಿಂದ ಬಂತು? ತಾಯಿ ಗಿಡ ಹಚ್ಚ ಹಸಿರಾಗಿತ್ತಲ್ಲ! ಪ್ರತಿಯೊಂದು ಗುಣಕ್ಕೂ ಗಿಡದಲ್ಲಿ ಎರಡು ಜೀನುಗಳಿರುತ್ತವೆ, ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಒಂದು ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಕೆಲಸ ನಡೆಯುತ್ತದೆ, ಗಿಡ ಹಸಿರಾಗಿಯೇ ಇರುತ್ತದೆ. ಜೋಡೆತ್ತಿನಲ್ಲಿ ಒಂದು ಕುಂಟಿದರೂ ಇನ್ನೊಂದು ಬಂಡಿಯನ್ನು ಮನೆ ಮುಟ್ಟಿಸಿದ ಹಾಗೆ. ಇಂತಹ ಗಿಡ ತನ್ನೊಡನೆ ತಾನೇ ಕೂಡಿದಾಗ ನಾಲ್ಕರಲ್ಲಿ ಒಂದು ಪಾಲು ಬೀಜಕ್ಕೆ ಎರಡೂ ಕೆಟ್ಟ ಜೀನುಗಳು ಬರುತ್ತವೆ. ಎರಡು ಪಾಲು ತಾಯಿಯಂತೆಯೇ ದೋಷವನ್ನು ಒಳಗೆ ಅಡಗಿಸಿಕೊಂಡು ಹಸಿರಾಗಿರುತ್ತವೆ. ಉಳಿದ ಒಂದು ಪಾಲು ಪೂರ್ತಿ ಶುದ್ಧ. ಅಂದರೆ ಚೀಲ ಕಟ್ಟಿದ್ದರಿಂದ ದೋಷ ಹುಟ್ಟಲಿಲ್ಲ. ಇದ್ದ ದೋಷ ಹೊರಗೆ ಬಂದಿತು, ಅಷ್ಟೆ. ಈ ವ್ಯತ್ಯಾಸವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಕುಗ್ಗಿದ ಇಂತಹ ಎರಡು ಬೇರೆ ಬೇರೆ ಸಾಲುಗಳನ್ನು ಕೂಡಿಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಸಂಕರಣ ಬೆಳೆ ಸೊಕ್ಕಿ ಬರುತ್ತದೆ. ಮೆಕ್ಕೆಜೋಳದಲ್ಲಿ ಇದನ್ನು 1908ರಲ್ಲಿ ಅಮೆರಿಕದ ಶಲ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. 1972ರಲ್ಲಿ ಧಾರವಾಡದಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿ ಎರಡು ಬೇರೆ ಜಾತಿಯ ಹತ್ತಿಗಳ ಸಂಕರಣ. ಕುಷ್ಟಗಿ ಕಡೆಯ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಸಂಜೆ ಮೊಗ್ಗಿನ ಗಂಡು ಭಾಗ ಕಿತ್ತು, ಮರುದಿನ ಮುಂಜಾನೆ ಗಂಡು ಸಾಲಿನ ಹೂವಿನ ಪರಾಗ ಸವರುವ ಹೆಣ್ಣುಮಕ್ಕಳಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಕೆಂಗುರಿ ಕುರಿಯ ಹಿಂಡು ಕಾಯುವವರೂ ಟಗರನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುತ್ತಾರೆ. ತಂದೆ ಟಗರಿಗೆ ಅದರ ಮಗಳನ್ನೇ ಕೂಡಿಸಬಾರದೆಂಬುದು ಅವರಿಗೆ ಗೊತ್ತು.

ಮನೆಯ ಲೆಕ್ಕ

ಇನ್ನು ಹಿರಿಯರ ಮನೆಗೆ ಬರೋಣ. ಮನುಷ್ಯನಲ್ಲಿಯೂ ಜೀನುಗಳು ಜೋಡಿಯಾಗಿಯೇ ಇರುತ್ತವೆ. ನಮ್ಮಲ್ಲಿ ಪ್ರತಿಯೊಬ್ಬರೂ ಒಂದಲ್ಲ ಒಂದು ಕೆಟ್ಟ ಜೀನನ್ನು ಅಡಗಿಸಿಕೊಂಡೇ ಹುಟ್ಟಿರುತ್ತೇವೆ. ಈ ಲೇಖನ ಬರೆಯುವವನೂ ಅದಕ್ಕೆ ಹೊರತಲ್ಲ. ಕಿವುಡುತನದ ಅಂತಹ ಒಂದು ಜೀನು ಮನೆಯ ಅಜ್ಜಿಯಲ್ಲಿ ಅಡಗಿತ್ತೆಂದು ಇಟ್ಟುಕೊಳ್ಳಿ. ಅಜ್ಜಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಅವಳ ಮಗನಿಗೆ ಅದು ಬರುವ ಸಂಭವ ಎರಡರಲ್ಲಿ ಒಂದು. ಮಗಳಿಗೂ ಎರಡರಲ್ಲಿ ಒಂದು, ಆ ಮಗಳ ಮಗಳಿಗೆ ನಾಲ್ಕರಲ್ಲಿ ಒಂದು. ಮಗನೂ ಈ ಮೊಮ್ಮಗಳೂ ಮದುವೆಯಾದರೆ ಇಬ್ಬರಲ್ಲಿಯೂ ಆ ಜೀನು ಇರುವ ಸಂಭವ ಎಂಟರಲ್ಲಿ ಒಂದು. ಇಬ್ಬರಲ್ಲಿಯೂ ಇದ್ದರೆ ಸಜ್ಜೆಯಂತೆಯೇ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು. ಗುಣಿಸಿ ನೋಡಿದರೆ 32ರಲ್ಲಿ 1 ಆಯಿತು.

ಅದೇ ಮೊಮ್ಮಗಳನ್ನು ಸಂಬಂಧವಿಲ್ಲದ ಮನೆಗೆ ಕೊಟ್ಟರೆ? ಆ ಜೀನು ಊರಿನಲ್ಲಿ ನೂರು ಜನರಲ್ಲಿ ಒಬ್ಬರಲ್ಲಿ ಇದೆಯೆಂದು ಹಿಡಿದರೆ ಲೆಕ್ಕ 1600ರಲ್ಲಿ 1ಕ್ಕೆ ಇಳಿಯುತ್ತದೆ. ಐವತ್ತು ಪಟ್ಟು ಕಡಿಮೆ. ಸೋದರತ್ತೆ ಅಥವಾ ಸೋದರಮಾವನ ಮಕ್ಕಳೊಡನೆ ಮದುವೆಯಾದಲ್ಲಿ ಮೊದಲಿನ 32ರ ಬದಲು 64ರಲ್ಲಿ 1 ಆಗುತ್ತದೆ. ತಳಿಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಮಾವ ಮತ್ತು ಅಕ್ಕನ ಮಗಳ ಸಂತಾನದಲ್ಲಿ ಎಂಟರಲ್ಲಿ ಒಂದು ಪಾಲು ಜೀನು ಜೋಡಿಗಳು ಒಂದೇ ಮೂಲದಿಂದ ಬಂದವಾಗಿರುತ್ತವೆ, ಸೋದರಿಕೆಯ ಮಕ್ಕಳ ಸಂತಾನದಲ್ಲಿ ಹದಿನಾರರಲ್ಲಿ ಒಂದು. ಚೀಲ ಕಟ್ಟಿದ ಸಜ್ಜೆಯಲ್ಲಿ ಒಂದೇ ಪೀಳಿಗೆಗೆ ಇದು ಎರಡರಲ್ಲಿ ಒಂದು. ಮನುಷ್ಯರ ಒಳಸಂಬಂಧ ಸಜ್ಜೆಯಷ್ಟು ಕಟುವಾದದ್ದಲ್ಲ ಎಂಬುದೂ ಇದರಿಂದ ತಿಳಿಯುತ್ತದೆ.

ಈ ಲೆಕ್ಕದಲ್ಲಿ ಇನ್ನೊಂದು ಮಾತು ಅಡಗಿದೆ. ಕಿವುಡಾದ ಮಗುವಿಗೆ ಎರಡು ಕೆಟ್ಟ ಜೀನುಗಳು ಬಂದಿರಬೇಕಾದರೆ ಒಂದು ತಾಯಿಯದು, ಇನ್ನೊಂದು ತಂದೆಯದು. ಸರಿಸಮ. ಸೊಸೆಯ ಹೊಟ್ಟೆಯ ದೋಷ ಎಂಬುದಕ್ಕೆ ಇಲ್ಲಿ ಜಾಗವೇ ಇಲ್ಲ. ಅಕ್ಕನ ಮಗಳನ್ನು ತಂದ ಮನೆಯಲ್ಲಿ ಸೊಸೆಯನ್ನು ಬೈಯುವ ಅತ್ತೆ ಅವಳ ಸ್ವಂತ ಅಜ್ಜಿಯೇ ಆಗಿರುತ್ತಾಳೆ, ಎರಡೂ ಜೀನುಗಳು ಹೊರಟದ್ದು ಬಹುಶಃ ಆ ಅಜ್ಜಿಯಿಂದಲೋ ಅಜ್ಜನಿಂದಲೋ! ಅವರ ತಪ್ಪೂ ಅದಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನಾನು ಆ ಹಿರಿಯರಿಗೆ ಅಂದೇ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಮನುಷ್ಯರ ರೋಗಕ್ಕೆ ಮೆಂಡೆಲನ ನಿಯಮವನ್ನು ಮೊದಲು ಹೊಂದಿಸಿದ್ದೂ ಒಳಸಂಬಂಧದ ಮೂಲಕವೇ. ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ ಮೂತ್ರ ಕಪ್ಪಾಗುವ ಒಂದು ಅಪರೂಪದ ಕಾಯಿಲೆಯ ಬಗ್ಗೆ ಬರೆಯುತ್ತ, ಅಂತಹ ಮಕ್ಕಳ ತಂದೆತಾಯಿಗಳಲ್ಲಿ ಹಲವರು ಸೋದರಿಕೆಯವರು ಎಂಬುದನ್ನು ಗುರುತಿಸಿದರು. ಅದಕ್ಕೂ ಮುಂಚೆ ಚಾರ್ಲ್ಸ್ ಡಾರ್ವಿನ್ನನಿಗೆ ಇದೇ ಚಿಂತೆ ಹತ್ತಿತ್ತು. 1839ರಲ್ಲಿ ಸೋದರಮಾವನ ಮಗಳನ್ನು ಮದುವೆಯಾಗಿದ್ದ ಅವನ ಹತ್ತು ಮಕ್ಕಳಲ್ಲಿ ಮೂವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಹನ್ನೊಂದು ವರ್ಷ ಗಿಡಗಳಿಗೆ ಬಲೆ ಮುಚ್ಚಿ, ತನ್ನೊಳಗೆ ಕೂಡಿದವನ್ನೂ ಹೊರಗಿನೊಡನೆ ಕೂಡಿದವನ್ನೂ ಅಕ್ಕಪಕ್ಕ ಬೆಳೆಸಿ ಅಳೆದು 1876ರಲ್ಲಿ ಆತ ಒಂದು ಪುಸ್ತಕವನ್ನೇ ಬರೆದ.

ಕರ್ನಾಟಕದಲ್ಲಿ ಕಂಡದ್ದು

ನಮ್ಮ ನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ನವಜಾತ ಶಿಶುಗಳ ರಕ್ತ ಪರೀಕ್ಷೆಯ ದೊಡ್ಡ ಕಾರ್ಯಕ್ರಮ ನಡೆಸಿದರು. ಬ್ರಿಟನ್ನಿನ ಬಿಟ್ಟಲ್ಸ್ ಎಂಬ ತಳಿತಜ್ಞರೊಡನೆ ಸೇರಿ ಅವರು ಕಲೆಹಾಕಿದ ಮಾಹಿತಿಯ ಪ್ರಕಾರ ಬೆಂಗಳೂರು, ಮೈಸೂರುಗಳಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೆ ಆಗಿತ್ತು. ಅವುಗಳಲ್ಲಿ ಸೋದರಮಾವನೊಡನೆ ಆದವೇ ಹೆಚ್ಚು. ಇಂದಿಗೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ಇಂಥದ್ದು. ಹೊಲ ಹೊರಗೆ ಹೋಗಬಾರದು, ಗೊತ್ತಿದ್ದ ಮನೆಗೆ ಮಗಳನ್ನು ಕೊಟ್ಟರೆ ಅವಳಿಗೆ ಕಷ್ಟವಿರದು, ಕೊಡುವುದು ತೆಗೆದುಕೊಳ್ಳುವುದು ಕಡಿಮೆ, ಇವು ಕಾರಣಗಳು. ಬಾಯಿಗೆ ಬಂದಂತೆ ತಳ್ಳಿಹಾಕುವ ಕಾರಣಗಳಲ್ಲ ಇವು. 1955ರ ಹಿಂದೂ ವಿವಾಹ ಕಾಯ್ದೆಯೂ ರೂಢಿ ಇರುವಲ್ಲಿ ಇದಕ್ಕೆ ಎಡೆ ಕೊಟ್ಟಿದೆ.

ಹಾಗಾದರೆ ಅಪಾಯ ಎಷ್ಟು? ಸಂಬಂಧವಿಲ್ಲದ ದಂಪತಿಗಳ ನೂರು ಮಕ್ಕಳಲ್ಲಿಯೂ ಎರಡು ಮೂರು ಮಕ್ಕಳು ಯಾವುದಾದರೊಂದು ದೊಡ್ಡ ಜನ್ಮದೋಷದೊಡನೆ ಹುಟ್ಟುತ್ತವೆ. ಸೋದರತ್ತೆ, ಸೋದರಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಇದಕ್ಕೆ ಇನ್ನೆರಡು ಮೂರು ಸೇರುತ್ತವೆ. ಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಅದಕ್ಕಿಂತ ಹೆಚ್ಚಬಹುದು. ಅಂದರೆ ಸೋದರಿಕೆಯಲ್ಲಿ ಆದ ಮದುವೆಗಳಲ್ಲಿಯೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಆರೋಗ್ಯವಾಗಿಯೇ ಇರುತ್ತವೆ. ಇದನ್ನು ಮುಚ್ಚಿಟ್ಟು ಹೆದರಿಸಿದರೆ ರೈತರು ನಂಬುವುದಿಲ್ಲ. ಪ್ರತಿಯೊಬ್ಬರಿಗೂ ಚೆನ್ನಾಗಿರುವ ನಾಲ್ಕು ಮನೆಗಳು ಗೊತ್ತಿರುತ್ತವೆ.

ಗಂಗಾವತಿಯ ಒಬ್ಬ ಓದಿದ ರೈತರು ನನ್ನೊಡನೆ ವಾದ ಮಾಡಿದರು: "ಭತ್ತ ಸಾವಿರಾರು ವರ್ಷದಿಂದ ತನ್ನೊಳಗೇ ಕೂಡುತ್ತಿದೆ, ಸೋನಾ ಮಸೂರಿ ಕುಗ್ಗಿದೆಯೇ?" ಒಳ್ಳೆಯ ಪ್ರಶ್ನೆ. ಭತ್ತದಲ್ಲಿ ಕೆಟ್ಟ ಜೀನುಗಳು ಪ್ರತಿ ಪೀಳಿಗೆಯಲ್ಲಿಯೂ ಹೊರಬಂದು, ಆ ಸಸಿಗಳು ಸತ್ತು, ತಳಿ ಸೋಸಿಹೋಗಿದೆ. ದಕ್ಷಿಣ ಭಾರತದಲ್ಲಿ ಒಳಸಂಬಂಧ ತಲೆತಲಾಂತರದಿಂದ ನಡೆದಿರುವುದರಿಂದ ಇಲ್ಲಿಯೂ ಹಾಗೆ ಸೋಸಿರಬಹುದೆಂದು 1960ರ ದಶಕದಲ್ಲಿ ಸಾಂಘ್ವಿಯವರಂತಹ ವಿಜ್ಞಾನಿಗಳು ಊಹಿಸಿದ್ದರು. ತಮಿಳುನಾಡಿನ ಕೆಲವು ಸಮೀಕ್ಷೆಗಳಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣಲೂ ಇಲ್ಲ. ಆದರೆ ಮನುಷ್ಯರಲ್ಲಿ ಒಳಸಂಬಂಧ ಭತ್ತದಷ್ಟು ಬಿಗಿಯಲ್ಲ, ನಡುನಡುವೆ ಹೊರಗಿನ ಹೆಣ್ಣು ಬರುತ್ತಲೇ ಇರುತ್ತದೆ, ಹೊಸ ದೋಷಗಳೂ ಹುಟ್ಟುತ್ತಿರುತ್ತವೆ. ಆದ್ದರಿಂದ ಆ ಸೋಸುವಿಕೆ ಪೂರ್ತಿಯಾಗಿಲ್ಲ. ಅದೂ ಅಲ್ಲದೆ, ಸೋಸುವುದು ಎಂದರೇನು? ನಮ್ಮ ಪ್ರಯೋಗದ ಹೊಲದಲ್ಲಿ ನೂರು ಸಾಲು ಹಾಕಿ ತೊಂಬತ್ತನ್ನು ಕಿತ್ತೆಸೆಯುತ್ತೇವೆ. ಮನೆಯಲ್ಲಿ ಹಾಗೆ ಹೋಗುವುದು ಒಬ್ಬ ತಾಯಿಯ ಮಗು.

ಎಲ್ಲವೂ ಬೀಜದ್ದಲ್ಲ

ಹಿರಿಯರ ಎರಡನೆಯ ಪ್ರಶ್ನೆಗೆ ಉತ್ತರ ಬೇರೆ. ಗಂಗಾವತಿಯ ಭತ್ತದ ಗದ್ದೆಯಲ್ಲಿ ನಾಟಿಯಾದ ಎರಡು ಮೂರು ವಾರಕ್ಕೆ ಎಲೆಯ ಮೇಲೆ ತುಕ್ಕಿನಂತಹ ಕಂದು ಚುಕ್ಕೆ ಬಿದ್ದು ಪೈರು ಗಿಡ್ಡಾದಾಗ ರೈತರು ಮೊದಲು ಬೀಜದ ಅಂಗಡಿಯವನನ್ನು ಹಿಡಿಯುತ್ತಾರೆ. ಹೋಗಿ ನೋಡಿದರೆ ಎಷ್ಟೋ ಸಲ ಅದು ಸತುವಿನ ಕೊರತೆ. ನೀರು ನಿಲ್ಲುವ, ಸವಳು ಏರಿದ ಮಡಿಗಳಲ್ಲಿ ತೇಪೆ ತೇಪೆಯಾಗಿ ಕಾಣುತ್ತದೆ, ಆ ತೇಪೆಯಲ್ಲಿ ಯಾವ ತಳಿ ಇದ್ದರೂ ಸೊರಗುತ್ತದೆ. ಎಕರೆಗೆ 8ರಿಂದ 10 ಕಿಲೋ ಸತುವಿನ ಸಲ್ಫೇಟ್ ಕೊಟ್ಟರೆ ಸರಿಹೋಗುತ್ತದೆ. ಬೀಜದ ಬೆರಕೆ ಇದ್ದರೆ ಮಾತ್ರ ಒಳ್ಳೆಯ ನೆಲ, ಕೆಟ್ಟ ನೆಲ ಎನ್ನದೆ ಹೊಲದ ತುಂಬ ಅಲ್ಲೊಂದು ಇಲ್ಲೊಂದು ಬೇರೆ ತರಹದ ಗಿಡ ಕಾಣಿಸುತ್ತದೆ.

ಊರಿನ ಕಾಯಿಲೆಯನ್ನೂ ಹೀಗೆಯೇ ನೋಡಬೇಕು. ಕಂದು ಹಲ್ಲು, ಬಾಗಿದ ಕಾಲು, ಬಿಗಿದ ಬೆನ್ನು ಒಂದೇ ಕೊಳವೆ ಬಾವಿಯ ನೀರು ಕುಡಿಯುವ ಓಣಿಯ ಎಲ್ಲ ಮನೆಗಳಲ್ಲಿ, ಸಂಬಂಧವಿರಲಿ ಇಲ್ಲದಿರಲಿ, ಕಂಡುಬಂದರೆ ಅದು ನೀರಿನ ಫ್ಲೋರೈಡು. ಅದೇ ನೀರು ಕುಡಿಯುವ ದನಗಳ ಹಲ್ಲನ್ನೂ ಬಾಯಿ ತೆರೆದು ನೋಡಿ. ಬೇರೆ ಊರಲ್ಲಿ ಬೆಳೆದು ಮದುವೆಯಾಗಿ ಬಂದ ಸೊಸೆಯ ಹಲ್ಲು ಬಿಳಿಯಾಗಿದ್ದು, ಅವಳ ಮಕ್ಕಳ ಹಲ್ಲು ಕಂದಾಗಿದ್ದರೆ ಇನ್ನು ಸಂಶಯ ಬೇಡ. ಹಲ್ಲಿನ ಕಲೆ ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಮಾತ್ರ ಬೀಳುತ್ತದೆ.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಗ್ರಾನೈಟು ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡು ಇರುವ ಖನಿಜಗಳಿವೆ. ಕೊಳವೆ ಬಾವಿಯ ನೀರು ಕಲ್ಲಿನ ಸಂದಿನಲ್ಲಿ ಬಹುಕಾಲ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮ್ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಾಗ 1.5ರವರೆಗೆ ನಡೆಯಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಹೊಳೆಯ ನೀರು ಅಥವಾ ಹಿಡಿದಿಟ್ಟ ಮಳೆಯ ನೀರನ್ನು ಕುಡಿಯಲು ಬೇರೆ ಇಡುವುದು, ಕೊಳವೆ ಬಾವಿಯ ನೀರನ್ನು ಉಳಿದ ಕೆಲಸಕ್ಕೆ ಬಳಸುವುದು ಸುಲಭ ದಾರಿ. ಹಾಲು, ರಾಗಿ, ಸೊಪ್ಪು ಚೆನ್ನಾಗಿ ತಿನ್ನುವ ಮಕ್ಕಳಿಗೆ ಎಲುಬಿನ ತೊಂದರೆ ಕಡಿಮೆ. ಹಳೆಯ ಹೈದರಾಬಾದ್ ಸಂಸ್ಥಾನದ ಕೆಲವು ಭಾಗಗಳ ದನಗಳಲ್ಲಿ ಈ ರೋಗವನ್ನು 1934ರಲ್ಲಿಯೇ ಗುರುತಿಸಲಾಗಿತ್ತು. 1937ರಲ್ಲಿ ನೆಲ್ಲೂರು ಜಿಲ್ಲೆಯ ಜನರಲ್ಲಿ ಕಂಡಿತು. ಅಲ್ಲಿಯೂ ಎತ್ತುಗಳು ಕುಂಟುವುದನ್ನು ಮೊದಲು ಗಮನಿಸಿದವರು ರೈತರು.

ತಿರುವುಮುರುವಿನ ಉದಾಹರಣೆಯೂ ಉಂಟು. 1970ರ ದಶಕದಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಸುತ್ತಿನ ಕೂಲಿಕಾರರಲ್ಲಿ ಸೊಂಟ, ಮೊಣಕಾಲುಗಳ ಕೀಲು ಸವೆಯುವ ರೋಗ ಬೆಳಕಿಗೆ ಬಂದಾಗ ಗದ್ದೆಗೆ ಹೊಡೆದ ಕೀಟನಾಶಕ, ಅಲ್ಲಿನ ಏಡಿ ಇವುಗಳ ಮೇಲೆ ಸಂಶಯ ಬಿದ್ದಿತು. ಕುಟುಂಬಗಳ ವಂಶಾವಳಿ ಬರೆದು ನೋಡಿದ ಮೇಲೆ ಅದು ಅನುವಂಶೀಯವೆಂದು ತಿಳಿಯಿತು. ಅದು ಒಳಸಂಬಂಧದ್ದೂ ಅಲ್ಲ. ಅಲ್ಲಿ ಒಂದೇ ಕೆಟ್ಟ ಜೀನು ಸಾಕು, ತಂದೆತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಅರ್ಧದಷ್ಟು ಮಕ್ಕಳಿಗೆ ಬರುತ್ತದೆ.

ಕಿವುಡುತನದ ವಿಷಯದಲ್ಲಿಯೂ ಆತುರ ಸಲ್ಲದು. ಬಸುರಿಗೆ ಮೊದಲ ಮೂರು ತಿಂಗಳಲ್ಲಿ ರುಬೆಲ್ಲಾ ಬಂದರೆ ಮಗು ಕಿವುಡಾಗಿ ಹುಟ್ಟಬಹುದೆಂದು 1940ರ ದಶಕದಿಂದಲೂ ಗೊತ್ತಿದೆ. ಅದಕ್ಕೆ ಲಸಿಕೆ ಇದೆ, ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಆಂದೋಲನ 2017ರಲ್ಲಿ ನಡೆಯಿತು. ಹುಟ್ಟಿದಾಗಿನ ತೀವ್ರ ಕಾಮಾಲೆ, ಕಿವಿ ಸೋರುವುದು, ಮಿದುಳು ಜ್ವರ ಇವೂ ಕಾರಣಗಳೇ. ಒಂದು ಗಿಡ ನೋಡಿ ಹೊಲದ ರೋಗ ಹೇಳಲಾಗದು.

ನಮ್ಮ ವೃತ್ತಿಯವರು ಮಾಡಿದ ತಪ್ಪು

ಇದನ್ನು ಬರೆಯದೆ ಬಿಟ್ಟರೆ ಲೇಖನ ಅಪೂರ್ಣವಾದೀತು. 1903ರಲ್ಲಿ ಅಮೆರಿಕದ ಬೆಳೆ ಮತ್ತು ಪಶು ತಳಿ ಸಂವರ್ಧಕರು ಒಂದು ಸಂಘ ಕಟ್ಟಿದರು. 1906ರಲ್ಲಿ ಅದೇ ಸಂಘ ಮನುಷ್ಯರ ತಳಿ ಸುಧಾರಣೆಗೂ ಒಂದು ಸಮಿತಿ ಮಾಡಿತು. ಮುಂದೆ ಅಲ್ಲಿನ ಹಲವು ರಾಜ್ಯಗಳಲ್ಲಿ ದೋಷವುಳ್ಳವರೆಂದು ಎಣಿಸಿದವರಿಗೆ ಬಲವಂತವಾಗಿ ಸಂತಾನಹರಣ ಮಾಡುವ ಕಾನೂನುಗಳು ಬಂದವು. ಜರ್ಮನಿಯಲ್ಲಿ 1933ರಲ್ಲಿ ಬಂದ ಇಂತಹ ಕಾನೂನಿನ ಪಟ್ಟಿಯಲ್ಲಿ ವಂಶಪಾರಂಪರ್ಯ ಕಿವುಡುತನವೂ ಸೇರಿತ್ತು. ಅನ್ಯಾಯದ ಮಾತು ಹಾಗಿರಲಿ, ಲೆಕ್ಕವೂ ತಪ್ಪು. ಬಿಳಿ ಸಸಿಯನ್ನು ಕಿತ್ತರೂ ಕೆಟ್ಟ ಜೀನುಗಳಲ್ಲಿ ಬಹುಪಾಲು ಹಸಿರು ಗಿಡಗಳಲ್ಲಿಯೇ ಅಡಗಿ ಉಳಿಯುತ್ತವೆ. ಕಿವುಡರಿಬ್ಬರು ಮದುವೆಯಾದರೂ ಇಬ್ಬರ ದೋಷ ಬೇರೆ ಬೇರೆ ಜೀನುಗಳದಾಗಿದ್ದರೆ ಮಕ್ಕಳಿಗೆಲ್ಲ ಕಿವಿ ಕೇಳಬಹುದು. ಆದುದರಿಂದ ಸಜ್ಜೆಯಿಂದ ಕಲಿಯಬೇಕಾದದ್ದು ರೋಗ ಬರುವ ದಾರಿಯನ್ನು ಮಾತ್ರ, ಕಿತ್ತೆಸೆಯುವ ಪದ್ಧತಿಯನ್ನಲ್ಲ.

ಮನೆಯವರು ಮಾಡಬಹುದಾದದ್ದು

ಮಾತುಕತೆ ಇನ್ನೂ ನಡೆಯುತ್ತಿರುವಾಗ ಎರಡೂ ಮನೆಗಳ ಮೂರು ತಲೆಮಾರಿನ ವಂಶಾವಳಿ ಬರೆಯಿರಿ. ಹುಟ್ಟು ಕಿವುಡು, ಎಳವೆಯಲ್ಲಿ ಇರುಳು ಕಣ್ಣು ಕಾಣದಿರುವುದು, ಬುದ್ಧಿ ಬೆಳೆಯದ ಮಕ್ಕಳು, ಮೇಲಿಂದ ಮೇಲೆ ಸತ್ತ ಕೂಸುಗಳು, ಪದೇ ಪದೇ ರಕ್ತ ಕೊಡಿಸಬೇಕಾದವರು ಇದ್ದರೆ ಗುರುತು ಹಾಕಿರಿ. ಅಂತಹ ಮನೆಯೊಳಗೆ ಮತ್ತೆ ಸಂಬಂಧ ಬೆಳೆಸುವುದನ್ನು ನಾನಾದರೆ ಬೇಡವೆನ್ನುತ್ತೇನೆ. ಆಗಲೇ ಮದುವೆಯಾಗಿದ್ದರೆ ಹೆದರಬೇಕಾಗಿಲ್ಲ, ವೈದ್ಯರಿಗೆ ಸಂಬಂಧವನ್ನು ಮುಚ್ಚಿಡದೆ ಹೇಳಿದರೆ ಸಾಕು. ಮಗುವಿಗಾಗಿ ಯೋಚಿಸುವ ಹೆಣ್ಣುಮಗಳು ಬಸುರಾಗುವುದಕ್ಕೆ ಕನಿಷ್ಠ ಒಂದು ತಿಂಗಳ ಮುಂಚಿನಿಂದ ಫೋಲಿಕ್ ಆಮ್ಲದ ಗುಳಿಗೆ ತೆಗೆದುಕೊಂಡರೆ ಬೆನ್ನುಹುರಿಯ ದೋಷಗಳು ಬಹಳಷ್ಟು ತಪ್ಪುತ್ತವೆ. ಇದು ಒಳಸಂಬಂಧದವರಿಗೂ ಹೊರಸಂಬಂಧದವರಿಗೂ ಒಂದೇ.

ಅಂಗನವಾಡಿ ಮತ್ತು ಶಾಲೆಯ ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆದಿದೆ. ಆ ತಂಡ ಬಂದ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂತಹ ಮಕ್ಕಳಿಗಾಗಿಯೇ ಇದೆ.

ಆ ಹಿರಿಯರ ಮೊಮ್ಮಗಳಿಗೆ ಎರಡೂವರೆ ವರ್ಷ. ಸದ್ದು ಮಾಡಿದರೆ ತಿರುಗಿ ನೋಡುತ್ತಾಳಲ್ಲ ಎಂದು ಮನೆಯವರು ಅಷ್ಟು ದಿನ ಕಳೆದಿದ್ದರು. ಬಾಗಿಲು ಬಡಿದಾಗ, ನೆಲಕ್ಕೆ ಕೊಡ ಇಟ್ಟಾಗ ಮಗು ತಿರುಗುವುದು ನೆಲದ ಅದುರಿಗೆ, ಸದ್ದಿಗಲ್ಲ. ಮಗು ಆಡುತ್ತಿರುವಾಗ ಬೆನ್ನ ಹಿಂದೆ, ನೆರಳೂ ಬೀಳದಂತೆ ನಿಂತು ಮೆಲ್ಲನೆ ಹೆಸರು ಕೂಗಿ ನೋಡಬೇಕು. ಆರು ತಿಂಗಳ ಮಗು ಇದಕ್ಕೆ ತಿರುಗದಿದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಲು ಅದೇ ಸಮಯ. ಯಂತ್ರವಿಟ್ಟು ಮಾಡುವ ಪರೀಕ್ಷೆಯನ್ನು ಹುಟ್ಟಿದ ಒಂದು ತಿಂಗಳೊಳಗೂ ಮಾಡಬಹುದು. ಆರು ತಿಂಗಳೊಳಗೆ ಶ್ರವಣಯಂತ್ರ ಸಿಕ್ಕರೆ ಮಾತು ಬರುವ ಸಂಭವ ಹೆಚ್ಚು, ವರ್ಷಗಳು ಕಳೆದಂತೆ ಅದು ಕಷ್ಟವಾಗುತ್ತ ಹೋಗುತ್ತದೆ. ಎರಡನೆಯ ಕೂಸನ್ನೂ ತೋರಿಸಿಕೊಂಡು ಬನ್ನಿ ಎಂದೆ. "ಅದಕ್ಕ ಕೇಳತೈತಲ್ಲ ಸರ" ಎಂದರು. ಕೇಳುತ್ತದೆ, ಆದರೆ ಒಂದೇ ಕಿವಿಗೋ ಎರಡಕ್ಕೂನೋ ಎಂಬುದು ಮನೆಯಲ್ಲಿ ತಿಳಿಯುವುದಿಲ್ಲ ಎಂದೆ. ಮುಂದಿನ ಸೋಮವಾರ ಇಬ್ಬರನ್ನೂ ಕರೆದುಕೊಂಡು ಹೋದರಂತೆ. ಸೊಸೆಯ ಜೊತೆಗೆ ಮಗನೂ ಹೋಗಿದ್ದನಂತೆ.